ಒಂದೇ ಗಿಡ, ಎರಡು ಅಲರ್ಜಿ

ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕಡೆ ಇರುವವರು ಈ ಗಿಡದ ಹೆಸರನ್ನು ಮರಾಠಿ ಗೆಳೆಯರ ಬಾಯಲ್ಲಿ ‘ಗಾಜರ್ ಗವತ್’ ಅಂತ ಕೇಳಿರುತ್ತೀರಿ. ಎಲೆ ಗಜ್ಜರಿ ಎಲೆಯ ಹಾಗೆ ಸೀಳುಸೀಳಾಗಿರುವುದರಿಂದ ಆ ಹೆಸರು. ಆದೋನಿ, ರಾಯದುರ್ಗ, ಮಡಕಶಿರಾದ ಕಡೆ ತೆಲುಗಿನವರು ಅದನ್ನೇ ‘ವಯ್ಯಾರಿಭಾಮ’ ಅನ್ನುತ್ತಾರೆ. ನಾವು ಕನ್ನಡದಲ್ಲಿ ಕಾಂಗ್ರೆಸ್ ಗಿಡ ಅಂತೀವಿ. ಪುಸ್ತಕದಲ್ಲಿ ಪಾರ್ಥೇನಿಯಂ. ರಸ್ತೆ ಬದಿ, ಹೊಲದ ಬದು, ರೈಲು ಹಳಿಯ ಪಕ್ಕ, ಶಾಲೆಯ ಕಾಂಪೌಂಡಿನ ಮೂಲೆ, ಎಲ್ಲಿ ಬೇಕಾದರೂ ಸರಿ. ಒಂದು ಮಳೆ ಬಿದ್ದರೆ ಸಾಕು, ಸಣ್ಣ ಬಿಳಿ ಹೂ ಹೊತ್ತು ಎದ್ದು ನಿಲ್ಲುತ್ತದೆ.

ಈಗ ಒಂದು ಊಹೆ ಮಾಡಿ. ಹೂ ಬಿಟ್ಟ ಈ ಗಿಡಗಳ ನಡುವಿನ ಕಾಲುದಾರಿಯಲ್ಲಿ ಇಬ್ಬರು ನಡೆದು ಹೋದರು. ಹುಡುಗಿಗೆ ಐದೇ ನಿಮಿಷದಲ್ಲಿ ಸೀನಿನ ಮೇಲೆ ಸೀನು, ಮೂಗಿನಲ್ಲಿ ನೀರು, ಕಣ್ಣಲ್ಲಿ ತುರಿಕೆ. ಜೊತೆಗಿದ್ದ ದೊಡ್ಡಪ್ಪನಿಗೆ ಆ ಹೊತ್ತಿಗೆ ಏನೂ ಆಗಲಿಲ್ಲ. ಎರಡು ದಿನ ಕಳೆದ ಮೇಲೆ ಅವರ ಕಣ್ಣಿನ ರೆಪ್ಪೆ, ಕತ್ತು, ಮೊಣಕೈಯ ಮಡಿಕೆ ಕೆಂಪಾಗಿ ಊದಿಕೊಂಡು, ತಡೆಯಲಾಗದ ತುರಿಕೆ ಶುರುವಾಯಿತು. ಹುಡುಗಿಯ ಸೀನು ಒಂದು ಮಾತ್ರೆಗೆ ನಿಂತಿತು. ದೊಡ್ಡಪ್ಪ ಅದೇ ಮಾತ್ರೆ ನುಂಗಿದರು, ಏನೂ ಉಪಯೋಗವಾಗಲಿಲ್ಲ.

ಗಿಡ ಒಂದೇ, ದಾರಿ ಒಂದೇ, ಮಾತ್ರೆಯೂ ಒಂದೇ. ಹಾಗಾದರೆ ಇಬ್ಬರಿಗೂ ಬೇರೆ ಬೇರೆ ಕಾಯಿಲೆ ಏಕೆ? ಒಬ್ಬರಿಗೆ ನಿಮಿಷ, ಇನ್ನೊಬ್ಬರಿಗೆ ದಿನ ಏಕೆ? ಉತ್ತರ ಹುಡುಕಬೇಕಾದದ್ದು ಗಿಡದಲ್ಲಿ ಸ್ವಲ್ಪ, ನಮ್ಮ ರಕ್ತದೊಳಗಿನ ಟಿ ಕೋಶ ಎಂಬ ಜೀವಕೋಶದಲ್ಲಿ ಬಹಳ. ಆ ಕೋಶ ಯಾವ ಸಂದೇಶ ಕಳಿಸುತ್ತದೆ ಎಂಬುದರ ಮೇಲೆ ಸೀನೋ ಇಸುಬೋ ಎಂಬುದು ತೀರ್ಮಾನವಾಗುತ್ತದೆ. ಆ ಸಂದೇಶಗಳಿಗೆ ಸೈಟೊಕೈನ್ ಎಂದು ಹೆಸರು.

ಗಿಡದಲ್ಲಿ ಏನಿದೆ?

ಪಾರ್ಥೇನಿಯಂ ನಮ್ಮ ನೆಲದ ಗಿಡವಲ್ಲ. ಅದರ ತವರು ಮೆಕ್ಸಿಕೊ ಕೊಲ್ಲಿಯ ಸುತ್ತಲಿನ ನಾಡು. ನಮ್ಮಲ್ಲಿ ಅದು ಹರಡುತ್ತಿರುವುದನ್ನು ಸಸ್ಯವಿಜ್ಞಾನಿಗಳು 1950ರ ದಶಕದಲ್ಲಿ ಪುಣೆಯಲ್ಲಿ ಗುರುತಿಸಿದರು. ಆಮದು ಗೋಧಿಯ ಜೊತೆ ಬೀಜ ಬಂದಿರಬೇಕು ಎಂಬುದು ಹೆಚ್ಚಿನವರ ಅಭಿಪ್ರಾಯ. ಒಂದೊಂದು ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಹಾಗಾಗಿ ಕೆಲವೇ ದಶಕಗಳಲ್ಲಿ ದಖ್ಖನ್ ಪೂರ್ತಿ ಹಬ್ಬಿತು. 1970ರ ದಶಕದಲ್ಲಿ ಇದರಿಂದಾಗುವ ಚರ್ಮರೋಗದ ವರದಿಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಬರತೊಡಗಿದವು. ಮುಂದೆ ಇದರ ಪರಾಗದಿಂದ ಮೂಗಿನ ಅಲರ್ಜಿ ಆಗುತ್ತದೆ ಎಂಬುದನ್ನು ಬೆಂಗಳೂರಿನ ಸಂಶೋಧಕರು ತೋರಿಸಿಕೊಟ್ಟರು.

ನಮಗೆ ಮುಖ್ಯವಾದ ವಸ್ತುಗಳು ಎರಡು. ಮೊದಲನೆಯದು ಪರಾಗದಲ್ಲಿರುವ ಪ್ರೋಟೀನುಗಳು. ಇವು ದೊಡ್ಡ ಅಣುಗಳು. ಗಾಳಿಯಲ್ಲಿ ತೇಲಿ ಮೂಗಿಗೆ ಬಂದು, ಒಳಗಿನ ತೇವದಲ್ಲಿ ಕರಗುತ್ತವೆ. ಎರಡನೆಯದು ಪಾರ್ಥೇನಿನ್ ಎಂಬ ಸಣ್ಣ ರಾಸಾಯನಿಕ. ಎಲೆ ಕಾಂಡಗಳ ಮೇಲಿನ ನವಿರು ಕೂದಲುಗಳಲ್ಲಿ ಇದು ತುಂಬಿರುತ್ತದೆ. ಇದರ ಸೂತ್ರದಲ್ಲಿ 15 ಕಾರ್ಬನ್, 18 ಹೈಡ್ರೋಜನ್, 4 ಆಕ್ಸಿಜನ್ ಪರಮಾಣುಗಳಿವೆ. ಅಣುತೂಕ ಲೆಕ್ಕ ಹಾಕಿ ನೋಡಿ, 262 ಬರುತ್ತದೆ. ಪ್ರೋಟೀನುಗಳ ಅಣುತೂಕ ಸಾವಿರಗಳಲ್ಲಿ, ಹತ್ತಾರು ಸಾವಿರಗಳಲ್ಲಿ ಇರುತ್ತದೆ. ಅಂದರೆ ಪ್ರೋಟೀನು ಗಾಡಿಯಾದರೆ ಪಾರ್ಥೇನಿನ್ ಅದರ ಚಕ್ರದ ಒಂದು ಮೊಳೆ.

ಇಷ್ಟು ಸಣ್ಣ ಅಣುವನ್ನು ನಮ್ಮ ರೋಗನಿರೋಧಕ ವ್ಯವಸ್ಥೆ ಒಂಟಿಯಾಗಿ ಗಮನಿಸುವುದೇ ಇಲ್ಲ. ಆದರೆ ಪಾರ್ಥೇನಿನ್ ಚರ್ಮದೊಳಕ್ಕೆ ಇಳಿದು, ನಮ್ಮದೇ ಪ್ರೋಟೀನುಗಳಿಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಆಗ ಅದು ‘ನಮ್ಮದೂ ಅಲ್ಲ, ಪೂರ್ತಿ ಪರಕೀಯವೂ ಅಲ್ಲ’ ಎಂಬಂಥ ಹೊಸ ಮುಖ. ಗೊಂದಲ ಹುಟ್ಟುವುದು ಅಲ್ಲಿ.

ಚೀಟಿ ಕಳಿಸುವ ಕೋಶಗಳು

‘ಅಲರ್ಜಿ’ ಎಂಬ ಮಾತನ್ನು 1906ರಲ್ಲಿ ಹುಟ್ಟುಹಾಕಿದವನು ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ. ಒಂದು ವಸ್ತುವನ್ನು ಮೊದಲ ಸಲ ಕಂಡಾಗ ದೇಹ ಒಂದು ರೀತಿ ವರ್ತಿಸುತ್ತದೆ, ಮುಂದಿನ ಸಲ ಬೇರೆಯೇ ರೀತಿ ವರ್ತಿಸುತ್ತದೆ ಎಂಬುದು ಅವನ ಗಮನಕ್ಕೆ ಬಂದಿತ್ತು. ಇದನ್ನು ನೆನಪಿಡಿ. ಅಲರ್ಜಿಗೆ ಎರಡು ಹಂತ. ಮೊದಲ ಹಂತದಲ್ಲಿ ದೇಹ ಗುಟ್ಟಾಗಿ ಪಾಠ ಕಲಿಯುತ್ತದೆ, ಹೊರಗೆ ಏನೂ ಕಾಣಿಸುವುದಿಲ್ಲ. ಎರಡನೆಯ ಹಂತದಲ್ಲಿ ಕಲಿತದ್ದನ್ನು ಒಪ್ಪಿಸುತ್ತದೆ. ‘ಇಷ್ಟು ವರ್ಷ ಇದೇ ಹೊಲದಲ್ಲಿ ಕಳೆ ಕಿತ್ತಿದ್ದೀನಿ, ಏನೂ ಆಗಿರಲಿಲ್ಲ, ಈಗೇನು ಹೊಸದಾಗಿ?’ ಅಂತ ದೊಡ್ಡವರು ಕೇಳುತ್ತಾರಲ್ಲ, ಅದಕ್ಕೆ ಉತ್ತರ ಇಲ್ಲಿದೆ. ಅಷ್ಟು ವರ್ಷ ದೇಹ ಪಾಠ ಕಲಿಯುತ್ತಿತ್ತು ಅಥವಾ ಕಲಿಯದೆ ತಡೆದುಕೊಂಡಿತ್ತು.

ಪಾಠ ಕಲಿಯುವವು ಟಿ ಕೋಶಗಳು. ಎದೆಮೂಳೆಯ ಹಿಂದೆ ಥೈಮಸ್ ಎಂಬ ಗ್ರಂಥಿ ಇದೆ. ಇವು ಬಲಿಯುವುದು ಅಲ್ಲಿ, ‘ಟಿ’ ಅಕ್ಷರ ಬಂದದ್ದೂ ಅದರಿಂದಲೇ. ಆ ಗ್ರಂಥಿಯ ನಿಜವಾದ ಕೆಲಸವನ್ನು ಜಾಕ್ ಮಿಲ್ಲರ್ ಎಂಬ ವಿಜ್ಞಾನಿ 1961ರಲ್ಲಿ ಇಲಿಮರಿಗಳ ಮೇಲೆ ಪ್ರಯೋಗ ಮಾಡಿ ತೋರಿಸುವವರೆಗೆ, ಅದಕ್ಕೆ ಅಂಥ ಉಪಯೋಗವೇನೂ ಇಲ್ಲ ಎಂದೇ ಬಹಳ ಜನ ತಿಳಿದಿದ್ದರು.

ಟಿ ಕೋಶಗಳಲ್ಲಿ ‘ಸಹಾಯಕ ಟಿ ಕೋಶ’ ಎಂಬ ಗುಂಪು ಇದೆ. ಇವು ತಾವೇ ಹೊಡೆದಾಡುವುದು ಕಡಿಮೆ, ಬೇರೆ ಕೋಶಗಳಿಗೆ ಹೇಳಿ ಮಾಡಿಸುತ್ತವೆ. ಹೇಗೆ ಹೇಳುತ್ತವೆ? ಮೇಷ್ಟ್ರು ಬೋರ್ಡಿನ ಕಡೆ ತಿರುಗಿದಾಗ ಹಿಂದಿನ ಬೆಂಚಿನಿಂದ ಮುಂದಿನ ಬೆಂಚಿಗೆ ಚೀಟಿ ಹೋಗುತ್ತದಲ್ಲ, ಹಾಗೆ. ನೀವು ಕಳಿಸುವುದಿಲ್ಲ ಬಿಡಿ, ಬೇರೆಯವರು ಕಳಿಸುತ್ತಾರೆ! ಆ ಚೀಟಿಯೇ ಸೈಟೊಕೈನ್. ಅದು ಒಂದು ಚಿಕ್ಕ ಪ್ರೋಟೀನು. ಒಂದು ಕೋಶ ಅದನ್ನು ಹೊರಕ್ಕೆ ಬಿಡುತ್ತದೆ, ಹತ್ತಿರದ ಇನ್ನೊಂದು ಕೋಶ ಅದನ್ನು ಹಿಡಿಯುತ್ತದೆ. ಹಿಡಿಯಲು ಆ ಕೋಶದ ಮೈಮೇಲೆ ಅದಕ್ಕೆ ಸರಿಹೊಂದುವ ಗ್ರಾಹಕ ಇರಲೇಬೇಕು. ಗ್ರಾಹಕ ಇಲ್ಲದ ಕೋಶಕ್ಕೆ ಆ ಚೀಟಿ ಬರೀ ಕಾಗದ. ಇಂಥ ಅನೇಕ ಚೀಟಿಗಳಿಗೆ ಇಂಟರ್‌ಲೂಕಿನ್ ಎಂಬ ಹೆಸರು ಮತ್ತು ಒಂದೊಂದು ನಂಬರು ಇದೆ. ಇಂಟರ್‌ಲೂಕಿನ್-4 ಎನ್ನುವುದನ್ನು ಚಿಕ್ಕದಾಗಿ ಐಎಲ್-4 ಎನ್ನುತ್ತಾರೆ. ನಂಬರು ನೋಡಿ ಹೆದರಬೇಡಿ, ಬಸ್ಸಿನ ನಂಬರಿನ ಹಾಗೆ ಅಂದುಕೊಳ್ಳಿ. ಯಾವ ನಂಬರು ಯಾವ ಊರಿಗೆ ಹೋಗುತ್ತದೆ ಎಂಬುದು ಗೊತ್ತಾದರೆ ಸಾಕು.

ಸೀನಿನ ದಾರಿ

ಈಗ ಹುಡುಗಿಯ ಮೂಗಿನೊಳಗೆ ಹೋಗೋಣ. ಮೊದಲ ಸಲ ಪರಾಗ ಬಂದು ಬಿದ್ದಾಗ ಮೂಗಿನ ಒಳಪದರಕ್ಕೆ ಸ್ವಲ್ಪ ಘಾಸಿಯಾಗುತ್ತದೆ. ಆ ಪದರದ ಕೋಶಗಳು ಐಎಲ್-33, ಟಿಎಸ್‌ಎಲ್‌ಪಿ ಎಂಬ ಎಚ್ಚರಿಕೆಯ ಚೀಟಿಗಳನ್ನು ಬಿಡುತ್ತವೆ. ಅಲ್ಲೇ ಕಾವಲಿರುವ ಡೆಂಡ್ರೈಟಿಕ್ ಕೋಶಗಳು ಪರಾಗದ ಪ್ರೋಟೀನನ್ನು ನುಂಗಿ, ತುಂಡು ಮಾಡಿ, ಹತ್ತಿರದ ದುಗ್ಧಗ್ರಂಥಿಗೆ ಕೊಂಡೊಯ್ದು ಟಿ ಕೋಶಗಳಿಗೆ ತೋರಿಸುತ್ತವೆ. ಆ ತುಂಡು ಯಾವ ಟಿ ಕೋಶಕ್ಕೆ ಹೊಂದುತ್ತದೋ ಅದು ಎಚ್ಚೆತ್ತು ಒಂದು ಹಲವಾಗುತ್ತದೆ. ಸುತ್ತ ಐಎಲ್-4 ಇದ್ದರೆ ಅದು ‘ಟಿಎಚ್-2’ ಎಂಬ ಬಗೆಯ ಕೋಶವಾಗುತ್ತದೆ. ಮೂಲದಲ್ಲಿ ಇದು ಹೊಟ್ಟೆಹುಳುಗಳಂಥ ಪರಾವಲಂಬಿಗಳನ್ನು ಎದುರಿಸುವ ಪಡೆ. ಇಲ್ಲಿ ಹುಳು ಇಲ್ಲ, ಬರೀ ಪರಾಗ ಇದೆ. ಆದರೂ ಪಡೆ ಹೊರಡುತ್ತದೆ.

ಟಿಎಚ್-2 ಕೋಶ ಕಳಿಸುವ ಮುಖ್ಯ ಚೀಟಿಗಳು ಇವು:

ಐಎಲ್-4: ಬಿ ಕೋಶಗಳಿಗೆ ಹೋಗುತ್ತದೆ. ‘ಬೇರೆ ಪ್ರತಿಕಾಯ ಬೇಡ, ಐಜಿಇ ಎಂಬ ಪ್ರತಿಕಾಯ ತಯಾರಿಸಿ’ ಎಂಬುದು ಅದರ ಸಾರಾಂಶ.

ಐಎಲ್-5: ಮೂಳೆಯ ಮಜ್ಜೆಗೆ ಹೋಗುತ್ತದೆ. ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳು ಬಲಿತು ಹೊರಬರಲು, ಬಂದವು ಹೆಚ್ಚು ದಿನ ಬದುಕಲು ಇದೇ ಕಾರಣ.

ಐಎಲ್-13: ಮೂಗು ಮತ್ತು ಶ್ವಾಸನಾಳದ ಒಳಪದರಕ್ಕೆ ಹೋಗುತ್ತದೆ. ಲೋಳೆ ಹೆಚ್ಚಿಸುತ್ತದೆ, ಶ್ವಾಸನಾಳದ ಸ್ನಾಯು ಸಣ್ಣ ಕಾರಣಕ್ಕೂ ಬಿಗಿಯುವ ಹಾಗೆ ಮಾಡುತ್ತದೆ.

ಐಎಲ್-4ರ ಆದೇಶದಂತೆ ತಯಾರಾದ ಐಜಿಇ ಪ್ರತಿಕಾಯಗಳು ಮೂಗಿನಲ್ಲಿರುವ ಮಾಸ್ಟ್ ಕೋಶಗಳ ಮೈಗೆ ಅಂಟಿ ಕಾಯುತ್ತಾ ಕೂರುತ್ತವೆ. ಮಾಸ್ಟ್ ಕೋಶದ ಒಳಗೆ ಹಿಸ್ಟಮಿನ್ ಮೊದಲೇ ಸಿದ್ಧವಾಗಿ ತುಂಬಿರುತ್ತದೆ. ಮುಂದಿನ ಸಲ ಅದೇ ಪರಾಗ ಬಂದು ಐಜಿಇಗೆ ತಗುಲಿದ ಕ್ಷಣ ಹಿಸ್ಟಮಿನ್ ಹೊರಕ್ಕೆ ಚೆಲ್ಲುತ್ತದೆ. ಹೊಸದಾಗಿ ಏನನ್ನೂ ತಯಾರಿಸಬೇಕಿಲ್ಲ. ಸೀನು ಐದು ನಿಮಿಷದಲ್ಲೇ ಬರುವುದು ಅದಕ್ಕೆ.

ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಕೆಲವರಿಗೆ ನಾಲ್ಕರಿಂದ ಎಂಟು ಗಂಟೆಗಳ ನಂತರ ಮತ್ತೆ ಮೂಗು ಕಟ್ಟುತ್ತದೆ, ಎದೆ ಬಿಗಿಯುತ್ತದೆ. ಈ ಎರಡನೇ ಅಲೆಯಲ್ಲಿ ಹಿಸ್ಟಮಿನ್ನಿನ ಪಾತ್ರ ಕಡಿಮೆ. ಟಿ ಕೋಶಗಳು ಕಳಿಸಿದ ಐಎಲ್-5 ಮತ್ತು ಐಎಲ್-13ರ ಕೆಲಸ ಅದು. ಉಬ್ಬಸ ಇರುವವರಿಗೆ ರಾತ್ರಿ ಕಷ್ಟವಾಗುವುದಕ್ಕೆ ಇದೂ ಒಂದು ಕಾರಣ.

ಇಸುಬಿನ ದಾರಿ

ದೊಡ್ಡಪ್ಪನ ಚರ್ಮದಲ್ಲಿ ನಡೆದದ್ದು ಬೇರೆ. ಅಲ್ಲಿ ಪರಾಗದ ಪ್ರೋಟೀನಿಗಿಂತ ಪಾರ್ಥೇನಿನ್ ಮುಖ್ಯ. ಅದು ಚರ್ಮದ ಪ್ರೋಟೀನಿಗೆ ಅಂಟಿ ಹೊಸ ಮುಖ ತೊಟ್ಟಿತ್ತಲ್ಲ, ಅದನ್ನು ಚರ್ಮದ ಡೆಂಡ್ರೈಟಿಕ್ ಕೋಶಗಳು ದುಗ್ಧಗ್ರಂಥಿಗೆ ಒಯ್ದವು. ಅಲ್ಲಿ ಎಚ್ಚೆತ್ತ ಟಿ ಕೋಶಗಳಲ್ಲಿ ಹೆಚ್ಚಿನವು ಟಿಎಚ್-2 ಆಗಲಿಲ್ಲ. ಇಂಟರ್‌ಫೆರಾನ್-ಗಾಮಾ, ಟಿಎನ್‌ಎಫ್-ಆಲ್ಫಾ, ಐಎಲ್-17 ಎಂಬ ಚೀಟಿಗಳನ್ನು ಬಿಡುವ ಬೇರೆ ಬಗೆಯ ಕೋಶಗಳಾದವು. ಇವುಗಳ ಒಕ್ಕಣೆಯಲ್ಲಿ ‘ಪ್ರತಿಕಾಯ ತಯಾರಿಸಿ’ ಎಂಬುದಿಲ್ಲ. ‘ಎಲ್ಲರೂ ಈ ಜಾಗಕ್ಕೆ ಬನ್ನಿ, ಈ ಕೋಶಗಳನ್ನು ಹೊಡೆಯಿರಿ’ ಎಂಬುದು ಇದೆ.

ಹೀಗೆ ಕಲಿಯಲು ಕನಿಷ್ಠ ಹತ್ತು ಹದಿನಾಲ್ಕು ದಿನ ಬೇಕು, ಎಷ್ಟೋ ಜನರಿಗೆ ವರ್ಷಗಳೇ ಹಿಡಿಯುತ್ತವೆ. ಕಲಿತ ಮೇಲೆ ಮತ್ತೆ ಪಾರ್ಥೇನಿನ್ ಸೋಕಿದರೆ, ಟಿ ಕೋಶಗಳು ರಕ್ತದಿಂದ ಚರ್ಮಕ್ಕೆ ಬರಬೇಕು, ಸೈಟೊಕೈನ್ ತಯಾರಿಸಬೇಕು, ಆ ಚೀಟಿ ಓದಿ ಬೇರೆ ಕೋಶಗಳು ಬಂದು ಸೇರಬೇಕು. ಇದಕ್ಕೆಲ್ಲ ಒಂದರಿಂದ ಮೂರು ದಿನ. ಮಾಸ್ಟ್ ಕೋಶದ ಹಾಗೆ ಇಲ್ಲಿ ಮೊದಲೇ ತುಂಬಿಟ್ಟ ಡಬ್ಬಿ ಇಲ್ಲ. ಆದ್ದರಿಂದ ದೊಡ್ಡಪ್ಪನಿಗೆ ಎರಡು ದಿನ ತಡವಾಯಿತು. ಹಿಸ್ಟಮಿನ್ ಇಲ್ಲಿ ಮುಖ್ಯ ಪಾತ್ರಧಾರಿಯೇ ಅಲ್ಲದ ಮೇಲೆ, ಹಿಸ್ಟಮಿನ್ ತಡೆಯುವ ಮಾತ್ರೆ ಅವರಿಗೆ ಹೇಗೆ ನಾಟೀತು?

ದಿಲ್ಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ಸಂಶೋಧಕರು ಪಾರ್ಥೇನಿಯಂ ಇಸುಬು ಇರುವವರ ರಕ್ತ ಪರೀಕ್ಷಿಸಿ ನೋಡಿದಾಗ ಟಿಎನ್‌ಎಫ್-ಆಲ್ಫಾ, ಐಎಲ್-6, ಐಎಲ್-17 ಹೆಚ್ಚಿದ್ದವು. ಐಎಲ್-10 ಕಡಿಮೆ ಇತ್ತು. ಈ ಐಎಲ್-10 ಏನು ಗೊತ್ತೇ? ‘ಸಾಕು, ನಿಲ್ಲಿಸಿ’ ಎನ್ನುವ ಚೀಟಿ. ನಮ್ಮಲ್ಲಿ ಹೆಚ್ಚಿನವರು ದಿನಾ ಈ ಗಿಡದ ಪಕ್ಕದಲ್ಲೇ ಓಡಾಡಿದರೂ ಏನೂ ಆಗದೇ ಇರುವುದಕ್ಕೆ, ದೇಹದಲ್ಲಿ ಇಂಥ ತಡೆಯುವ ಚೀಟಿಗಳೂ ಅವನ್ನು ಬಿಡುವ ನಿಯಂತ್ರಕ ಟಿ ಕೋಶಗಳೂ ಇರುವುದು ಒಂದು ಮುಖ್ಯ ಕಾರಣ. ಹಾಗಾಗಿ ಅಲರ್ಜಿ ಇರುವವರನ್ನು ‘ಶಕ್ತಿ ಇಲ್ಲದವರು’ ಎಂದು ಕರೆಯುವುದು ತಪ್ಪು. ಅವರ ರೋಗನಿರೋಧಕ ವ್ಯವಸ್ಥೆಗೆ ಶಕ್ತಿ ಕಡಿಮೆಯಾಗಿಲ್ಲ, ಬೇಡದ ಕಡೆ ಬ್ರೇಕ್ ಬೀಳುತ್ತಿಲ್ಲ, ಅಷ್ಟೇ.

ಒಂದು ಮಾತು ಸೇರಿಸಬೇಕು. ದೇಹ ಪಠ್ಯಪುಸ್ತಕ ಓದಿಕೊಂಡು ನಡೆಯುವುದಿಲ್ಲ. ಕೆಲವರಲ್ಲಿ ಎರಡೂ ದಾರಿಗಳು ಒಟ್ಟಿಗೆ ತೆರೆದಿರುತ್ತವೆ, ಸೀನೂ ಬರುತ್ತದೆ, ಇಸುಬೂ ಆಗುತ್ತದೆ. ನಾವು ಎರಡು ಗೆರೆ ಎಳೆದುಕೊಂಡಿರುವುದು ಅರ್ಥ ಮಾಡಿಕೊಳ್ಳುವ ಅನುಕೂಲಕ್ಕೆ.

ಇದೆಲ್ಲ ಹೇಗೆ ಗೊತ್ತಾಯಿತು?

ಕಣ್ಣಿಗೆ ಕಾಣದ ಚೀಟಿಗಳ ಬಗ್ಗೆ ಇಷ್ಟು ಧೈರ್ಯವಾಗಿ ಹೇಗೆ ಹೇಳುತ್ತೀರಿ ಅಂತ ನೀವು ಕೇಳಬೇಕು. ಕೇಳಿದರೆ ಮೂರು ಪ್ರಯೋಗ ಹೇಳುತ್ತೇನೆ.

1921. ಜರ್ಮನಿಯ ಬ್ರೆಸ್ಲಾವ್ ಎಂಬ ಊರು, ಈಗ ಅದು ಪೋಲೆಂಡಿನಲ್ಲಿದೆ. ಹೈನ್ಸ್ ಕ್ಯೂಸ್ಟ್ನರ್ ಎಂಬ ವೈದ್ಯನಿಗೆ ಬೇಯಿಸಿದ ಮೀನು ಆಗುತ್ತಿರಲಿಲ್ಲ. ಅವನ ಜೊತೆಯ ವಿಜ್ಞಾನಿ ಕಾರ್ಲ್ ಪ್ರೌಸ್‌ನಿಟ್ಸ್‌ಗೆ ಮೀನಿನಿಂದ ಏನೂ ತೊಂದರೆ ಇರಲಿಲ್ಲ. ಕ್ಯೂಸ್ಟ್ನರ್‌ನ ರಕ್ತದಿಂದ ಕೋಶಗಳನ್ನೆಲ್ಲ ತೆಗೆದು, ಉಳಿದ ತಿಳಿನೀರಿನಂಥ ಸೀರಮ್ಮನ್ನು ಪ್ರೌಸ್‌ನಿಟ್ಸ್‌ನ ಚರ್ಮಕ್ಕೆ ಚುಚ್ಚಿದರು. ಮರುದಿನ ಅದೇ ಜಾಗಕ್ಕೆ ಮೀನಿನ ಸಾರ ಚುಚ್ಚಿದರು. ನಿಮಿಷಗಳಲ್ಲಿ ಅಲ್ಲಿ ಗಂಧೆ ಎದ್ದಿತು! ಅಂದರೆ ತಕ್ಷಣದ ಅಲರ್ಜಿಯನ್ನು ಸೀರಮ್ಮಿನಲ್ಲಿರುವ ಏನೋ ಒಂದು ವಸ್ತು ಹೊತ್ತೊಯ್ಯುತ್ತದೆ. ಆ ‘ಏನೋ’ ಸಿಕ್ಕಲು 45 ವರ್ಷ ಬೇಕಾಯಿತು. 1966ರಲ್ಲಿ ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದ ಜಪಾನಿನ ದಂಪತಿ ಕಿಮಿಶಿಗೆ ಮತ್ತು ತೆರುಕೊ ಇಶಿಜಾಕಾ ಅದನ್ನು ಬೇರ್ಪಡಿಸಿದರು. ಮರುವರ್ಷ ಸ್ವೀಡನ್ನಿನ ವಿಜ್ಞಾನಿಗಳೂ ಬೇರೆ ದಾರಿಯಿಂದ ಅದನ್ನೇ ತಲುಪಿದರು. ಅದೇ ಐಜಿಇ.

1942. ರಕ್ತದ ಗುಂಪುಗಳ ಪಾಠದಲ್ಲಿ ಕಾರ್ಲ್ ಲ್ಯಾಂಡ್‌ಸ್ಟೈನರ್ ಹೆಸರು ಓದಿರುತ್ತೀರಿ. ಅವರೂ ಮೆರಿಲ್ ಚೇಸ್ ಎಂಬವರೂ ನ್ಯೂಯಾರ್ಕಿನಲ್ಲಿ ಗಿನಿಯಿಲಿಗಳ ಚರ್ಮಕ್ಕೆ ಒಂದು ಸಣ್ಣ ರಾಸಾಯನಿಕ ಹಚ್ಚಿ ಇಸುಬು ಬರಿಸುತ್ತಿದ್ದರು, ಥೇಟ್ ನಮ್ಮ ಪಾರ್ಥೇನಿನ್ ಹಾಗೆ. ಇಸುಬು ಬಂದ ಪ್ರಾಣಿಯಿಂದ ಬರೀ ಸೀರಮ್ ವರ್ಗಾಯಿಸಿದರೆ ಹೊಸ ಪ್ರಾಣಿಗೆ ಈ ಗುಣ ಬರಲಿಲ್ಲ. ಬಿಳಿ ರಕ್ತಕಣಗಳನ್ನು ವರ್ಗಾಯಿಸಿದಾಗ ಬಂತು! ತಡವಾಗಿ ಬರುವ ಈ ಅಲರ್ಜಿಯನ್ನು ಒಯ್ಯುವುದು ದ್ರವವಲ್ಲ, ಕೋಶ ಎಂದು ಅಲ್ಲಿಗೆ ಗೊತ್ತಾಯಿತು. ಆ ಕೋಶಕ್ಕೆ ಟಿ ಎಂಬ ಹೆಸರು ಬಂದದ್ದು ಆಮೇಲೆ.

1986. ಕ್ಯಾಲಿಫೋರ್ನಿಯಾದಲ್ಲಿ ಟಿಮ್ ಮಾಸ್‌ಮನ್ ಮತ್ತು ರಾಬರ್ಟ್ ಕಾಫ್‌ಮನ್ ಇಲಿಯ ಸಹಾಯಕ ಟಿ ಕೋಶಗಳನ್ನು ಒಂದೊಂದಾಗಿ ಬೆಳೆಸಿ, ಪ್ರತಿಯೊಂದೂ ಯಾವ ಸೈಟೊಕೈನ್ ಬಿಡುತ್ತದೆ ಎಂದು ಅಳೆದರು. ನೋಡಲು ಎಲ್ಲ ಒಂದೇ ತರಹ ಇದ್ದ ಕೋಶಗಳು ಚೀಟಿಯ ವಿಷಯದಲ್ಲಿ ಎರಡು ಪಂಗಡವಾದವು. ಇಂಟರ್‌ಫೆರಾನ್-ಗಾಮಾ ಬಿಡುವವು ಒಂದು, ಐಎಲ್-4 ಬಿಡುವವು ಇನ್ನೊಂದು. ಟಿಎಚ್-1, ಟಿಎಚ್-2 ಎಂಬ ಹೆಸರುಗಳು ಹುಟ್ಟಿದ್ದು ಆಗ. ಐಎಲ್-17 ಬಿಡುವ ಮೂರನೆಯ ಪಂಗಡ ಮುಂದೆ ಸೇರಿಕೊಂಡಿತು.

ಚರ್ಮ ಮತ್ತು ಅಲರ್ಜಿಯ ವೈದ್ಯರು ಇಂದಿಗೂ ಈ ಎರಡು ದಾರಿಗಳನ್ನು ಎರಡು ಬೇರೆ ಪರೀಕ್ಷೆಗಳಿಂದ ಹುಡುಕುತ್ತಾರೆ. ಸೀನಿನ ದಾರಿಗೆ ‘ಪ್ರಿಕ್ ಟೆಸ್ಟ್’. ಕೈಯ ಮೇಲೆ ಪರಾಗದ ಸಾರದ ಹನಿ ಇಟ್ಟು ಸಣ್ಣಗೆ ಚುಚ್ಚಿ, 15–20 ನಿಮಿಷಕ್ಕೆ ನೋಡುತ್ತಾರೆ. ಇಸುಬಿನ ದಾರಿಗೆ ‘ಪ್ಯಾಚ್ ಟೆಸ್ಟ್’. ಬೆನ್ನಿಗೆ ಪಟ್ಟಿ ಅಂಟಿಸಿ 48 ಗಂಟೆ ಬಿಟ್ಟು ತೆಗೆದು ನೋಡುತ್ತಾರೆ, ಒಂದೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಗಡಿಯಾರವೇ ರೋಗದ ಹೆಸರು ಹೇಳುತ್ತದೆ ನೋಡಿ.

ಔಷಧ ಎಲ್ಲಿ ಕೆಲಸ ಮಾಡುತ್ತದೆ?

ಇಲ್ಲಿಯವರೆಗೆ ಓದಿದ್ದು ಪರೀಕ್ಷೆಗೆ ಮಾತ್ರ ಅಲ್ಲ. ಮನೆಯಲ್ಲಿ, ತರಗತಿಯಲ್ಲಿ ಯಾರಿಗಾದರೂ ಅಲರ್ಜಿ, ಉಬ್ಬಸ ಇದ್ದರೆ ಇದು ನೇರವಾಗಿ ಉಪಯೋಗಕ್ಕೆ ಬರುತ್ತದೆ.

ಸೀನಿಗೆ ಕೊಡುವ ಸೆಟಿರಿಜಿನ್‌ನಂಥ ಮಾತ್ರೆ ಹಿಸ್ಟಮಿನ್ ಕೂರುವ ಗ್ರಾಹಕವನ್ನು ಮುಚ್ಚುತ್ತದೆ. ಅಂದರೆ ಕೊನೆಯ ಮೆಟ್ಟಿಲಲ್ಲಿ ತಡೆ ಹಾಕುತ್ತದೆ. ಟಿ ಕೋಶಗಳು ಚೀಟಿ ಕಳಿಸುವುದನ್ನು ಅದು ನಿಲ್ಲಿಸುವುದಿಲ್ಲ.

ಉಬ್ಬಸಕ್ಕೆ ಎರಡು ಬಗೆಯ ಇನ್‌ಹೇಲರ್ ಇವೆ. ಒಂದು, ಬಿಗಿದ ಶ್ವಾಸನಾಳವನ್ನು ನಿಮಿಷಗಳಲ್ಲಿ ಸಡಿಲಿಸುವಂಥದ್ದು. ಉಸಿರು ಹಗುರಾಗುತ್ತದೆ, ಆದರೆ ಒಳಗಿನ ಉರಿಯೂತ ಹಾಗೇ ಇರುತ್ತದೆ. ಇನ್ನೊಂದು, ಸ್ಟೀರಾಯ್ಡ್ ಇರುವಂಥದ್ದು. ಇದು ಕೋಶಗಳ ಒಳಕ್ಕೆ ಹೋಗಿ, ಐಎಲ್-5, ಐಎಲ್-13ರಂಥ ಚೀಟಿಗಳನ್ನು ಬರೆಯುವ ಜೀನುಗಳನ್ನೇ ತಗ್ಗಿಸುತ್ತದೆ. ಇದರ ಫಲ ತಕ್ಷಣ ಗೊತ್ತಾಗುವುದಿಲ್ಲ, ದಿನಾ ತೆಗೆದುಕೊಂಡರೆ ದಿನಗಳಲ್ಲಿ, ವಾರಗಳಲ್ಲಿ ಗೊತ್ತಾಗುತ್ತದೆ. ಅದಕ್ಕೇ ಬಹಳ ಜನ ‘ಇದರಿಂದ ಏನೂ ಆಗ್ತಿಲ್ಲ’ ಅಂತ ಎರಡನೆಯದನ್ನು ಬಿಟ್ಟು ಮೊದಲನೆಯದನ್ನು ಮಾತ್ರ ಹಿಡಿಯುತ್ತಾರೆ. ಅಪಾಯ ಇರುವುದು ಅಲ್ಲೇ. ಉಸಿರು ಸಡಿಲಿಸುವ ಔಷಧ ಒಂದನ್ನೇ ನೆಚ್ಚಿಕೊಂಡು ಉಬ್ಬಸಕ್ಕೆ ಚಿಕಿತ್ಸೆ ಮಾಡಬಾರದು ಎಂದು ಉಬ್ಬಸದ ಜಾಗತಿಕ ಮಾರ್ಗದರ್ಶಿ 2019ರಿಂದ ಹೇಳುತ್ತಿದೆ.

‘ಪಂಪು ಹಿಡಿದರೆ ಚಟ ಆಗ್ತದೆ’ ಎನ್ನುವ ಮಾತನ್ನು ನೀವು ಕೇಳಿರುತ್ತೀರಿ. ಅದು ಸುಳ್ಳು. ಇನ್‌ಹೇಲರಿನ ಸ್ಟೀರಾಯ್ಡನ್ನು ಮೈಕ್ರೊಗ್ರಾಂನಲ್ಲಿ ಅಳೆಯುತ್ತಾರೆ, ನುಂಗುವ ಮಾತ್ರೆಯದನ್ನು ಮಿಲಿಗ್ರಾಂನಲ್ಲಿ. ಒಂದು ಮಿಲಿಗ್ರಾಂ ಎಂದರೆ ಸಾವಿರ ಮೈಕ್ರೊಗ್ರಾಂ. ಬೇಕಾದ ಕಡೆಗೇ ನೇರ ಹೋಗುವುದರಿಂದ ಅಷ್ಟು ಕಡಿಮೆ ಸಾಕಾಗುತ್ತದೆ. ನಿಮ್ಮ ಬೆಂಚಿನ ಗೆಳೆಯನೊಬ್ಬ ನಾಚಿಕೆಯಿಂದ ಇನ್‌ಹೇಲರನ್ನು ಚೀಲದಲ್ಲೇ ಅಡಗಿಸಿಟ್ಟುಕೊಂಡಿದ್ದರೆ ನಗಬೇಡಿ. ಕನ್ನಡಕ ಹಾಕಿಕೊಂಡವನನ್ನು ನೋಡಿ ಯಾರು ನಗುತ್ತಾರೆ?

ಇಸುಬಿಗೂ ಸ್ಟೀರಾಯ್ಡ್ ಮುಲಾಮು ಕೊಡುತ್ತಾರೆ. ಆದರೆ ಇದನ್ನು ಅಂಗಡಿಯಲ್ಲಿ ಕೇಳಿ ತಂದು ಹಚ್ಚಿಕೊಳ್ಳುವುದು ಒಳ್ಳೆಯದಲ್ಲ. ಯಾವ ಬಲದ್ದು, ಎಷ್ಟು ದಿನ, ಮುಖಕ್ಕೆ ಹಚ್ಚಬಹುದೇ ಎಂಬುದನ್ನು ವೈದ್ಯರು ಹೇಳಬೇಕು. ತೀವ್ರವಾದ ಮುಲಾಮನ್ನು ತಿಂಗಳುಗಟ್ಟಲೆ ಮುಖಕ್ಕೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ತುರಿಕೆ ಇಸುಬಿನದಾಗಿರದೆ ಹುಳುಕಡ್ಡಿಯದಾಗಿದ್ದರೆ, ಟಿ ಕೋಶಗಳ ಬಾಯಿ ಮುಚ್ಚಿಸಿದ ಹಾಗಾಗಿ ಶಿಲೀಂಧ್ರ ಹಾಯಾಗಿ ಹಬ್ಬುತ್ತದೆ.

ಈಗ ಒಂದೊಂದೇ ಚೀಟಿಯನ್ನು ಗುರಿಯಿಟ್ಟು ಹಿಡಿಯುವ ಔಷಧಗಳೂ ಬಂದಿವೆ. ಐಎಲ್-5ನ್ನು ಹಿಡಿಯುವ ಮೆಪೊಲಿಜುಮಾಬ್‌ಗೆ 2015ರಲ್ಲಿ, ಐಎಲ್-4 ಮತ್ತು ಐಎಲ್-13 ಎರಡೂ ಬಳಸುವ ಗ್ರಾಹಕವನ್ನು ಮುಚ್ಚುವ ಡುಪಿಲುಮಾಬ್‌ಗೆ 2017ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಮೆಪೊಲಿಜುಮಾಬ್ ಕಥೆಯಲ್ಲಿ ನಮಗೊಂದು ಪಾಠ ಇದೆ. 2000ದ ಸುಮಾರಿಗೆ ಉಬ್ಬಸದವರಿಗೆ ಐಎಲ್-5 ತಡೆದು ನೋಡಿದಾಗ ರಕ್ತದಲ್ಲಿ ಇಯೊಸಿನೊಫಿಲ್ ಇಳಿದರೂ ಉಸಿರಾಟ ಸುಧಾರಿಸಲಿಲ್ಲ. ಈ ಔಷಧ ಕೆಲಸಕ್ಕೆ ಬಾರದು ಅಂತ ಹಲವರು ಅಂದುಕೊಂಡರು. 2009ರಲ್ಲಿ, ಇಯೊಸಿನೊಫಿಲ್ ನಿಜವಾಗಿಯೂ ಹೆಚ್ಚಿರುವ ರೋಗಿಗಳನ್ನಷ್ಟೇ ಆರಿಸಿ ಕೊಟ್ಟಾಗ ಅವರಿಗೆ ಬರುತ್ತಿದ್ದ ತೀವ್ರ ಉಬ್ಬಸದ ಸಂಖ್ಯೆ ಕಡಿಮೆಯಾಯಿತು. ಔಷಧ ಬದಲಾಗಿರಲಿಲ್ಲ. ಯಾವ ರೋಗಿಯಲ್ಲಿ ಯಾವ ಚೀಟಿ ಓಡಾಡುತ್ತಿದೆ ಎಂದು ಮೊದಲು ನೋಡಿದ್ದರು, ಅಷ್ಟೇ ವ್ಯತ್ಯಾಸ. ಈ ಔಷಧಗಳು ತುಂಬಾ ದುಬಾರಿ, ತೀವ್ರ ರೋಗ ಇರುವ ಕೆಲವರಿಗೆ ಮಾತ್ರ. ಹೆಚ್ಚಿನವರಿಗೆ ಸರಿಯಾಗಿ ಬಳಸಿದ ಮಾಮೂಲು ಇನ್‌ಹೇಲರೇ ಸಾಕು.

ಶಾಲೆಯಂಗಳದಲ್ಲಿ

ಟಿ ಕೋಶಗಳಿಗೆ ನೆನಪು ಗಟ್ಟಿ. ಪಾರ್ಥೇನಿನ್ ಪಾಠವನ್ನು ಒಮ್ಮೆ ಕಲಿತವು ಸಾಮಾನ್ಯವಾಗಿ ಜೀವಮಾನ ಪೂರ್ತಿ ಮರೆಯುವುದಿಲ್ಲ. ಮರೆಸುವ ಮಾತ್ರೆ ಇನ್ನೂ ಇಲ್ಲ. ಆದ್ದರಿಂದ ಅವು ಕಲಿಯದ ಹಾಗೆ ನೋಡಿಕೊಳ್ಳುವುದೇ ದೊಡ್ಡ ಔಷಧ. ಇಲ್ಲಿ ನಿಮ್ಮ ಕೈಯಲ್ಲಿ ಮಾಡಬಹುದಾದದ್ದು ಇದೆ.

ಶ್ರಮದಾನದ ದಿನ ಈ ಗಿಡವನ್ನು ಬರಿಗೈಯಲ್ಲಿ ಕೀಳಬೇಡಿ, ಬೇರೆಯವರು ಕೀಳುತ್ತಿದ್ದರೂ ಹೇಳಿ. ಕೈಗವಸು ಇಲ್ಲದಿದ್ದರೆ ದಪ್ಪ ಪ್ಲಾಸ್ಟಿಕ್ ಚೀಲವನ್ನು ಕೈಗೆ ತೊಟ್ಟುಕೊಳ್ಳಿ, ತುಂಬುತೋಳಿನ ಅಂಗಿ ಹಾಕಿಕೊಳ್ಳಿ. ಹೂ ಬಿಡುವ ಮುಂಚೆ, ಮಳೆಯಾಗಿ ನೆಲ ಮೆತ್ತಗಿರುವಾಗ ಬೇರುಸಹಿತ ಕೀಳುವುದು ಒಳ್ಳೆಯದು. ಹೂ ಬಿಟ್ಟ ಮೇಲೆ ಕಿತ್ತರೆ ಪರಾಗವೂ ಬೀಜವೂ ನೀವೇ ಹರಡಿದ ಹಾಗೆ. ಒಣಗಿದ ಗಿಡವೂ ಸಾಧುವಲ್ಲ, ಅದರ ಪುಡಿ ಗಾಳಿಗೆ ಹಾರಿ ಕಣ್ಣು, ಕತ್ತಿನ ಮೇಲೆ ಕೂರುತ್ತದೆ. ಕೆಲಸ ಮುಗಿದ ಮೇಲೆ ಸಾಬೂನಿನಿಂದ ಕೈಮುಖ ತೊಳೆದು, ಬಟ್ಟೆ ಬದಲಿಸಿ. ಈಗಾಗಲೇ ಇಸುಬು, ಉಬ್ಬಸ ಇರುವವರು ಈ ಕೆಲಸಕ್ಕೆ ಇಳಿಯಲೇಬಾರದು. ಅವರಿಗೆ ಲೆಕ್ಕ ಬರೆಯುವ ಕೆಲಸ ಕೊಡಿ.

ಪಾರ್ಥೇನಿಯಂ ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ್ದು. ಅದರ ಇಸುಬು ಇರುವ ಕೆಲವರಿಗೆ ಅದೇ ಕುಟುಂಬದ ಸೇವಂತಿಗೆಯಿಂದಲೂ ತುರಿಕೆ ಬರುತ್ತದೆ, ಪಾರ್ಥೇನಿನ್‌ನಂಥದೇ ರಾಸಾಯನಿಕಗಳು ಅದರಲ್ಲೂ ಇರುವುದರಿಂದ. ಹಬ್ಬದಲ್ಲಿ ಹೂ ಕಟ್ಟಿದ ಎರಡು ದಿನದ ಮೇಲೆ ಮನೆಯಲ್ಲಿ ಯಾರಿಗಾದರೂ ಕೈ ತುರಿಸಿದರೆ ಈ ನಂಟನ್ನು ನೀವು ನೆನಪಿಸಬಹುದು.

ಈ ಗಿಡದ ಎಲೆ ತಿನ್ನುವ ಒಂದು ಜೀರುಂಡೆಯನ್ನು ಮೆಕ್ಸಿಕೊದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಹೊರಬಿಟ್ಟರು. ಜೈಗೊಗ್ರಾಮಾ ಎಂದು ಅದರ ಹೆಸರು. ನಸುಬಿಳಿ ಬೆನ್ನಿನ ಮೇಲೆ ಕಪ್ಪು ಗೆರೆಗಳು. ಈಗ ಅದು ದೇಶದ ಅನೇಕ ಕಡೆ ಹರಡಿದೆ. ಮಳೆಗಾಲದಲ್ಲಿ ನಿಮ್ಮೂರಿನ ಗಿಡಗಳ ಮೇಲೆ ಕಾಣುತ್ತದೆಯೇ ಎಂದು ದೂರದಿಂದಲೇ ನೋಡಿ.

ಯೋಚಿಸಿ, ಉತ್ತರಿಸಿ

1. ಒಬ್ಬರಿಗೆ ಹೊಸ ವಾಚಿನ ಲೋಹದ ಪಟ್ಟಿ ಕಟ್ಟಿಕೊಂಡ ಎರಡು ದಿನಕ್ಕೆ ಮಣಿಕಟ್ಟಿನಲ್ಲಿ ತುರಿಕೆ ಬಂತು. ಇದು ಯಾವ ದಾರಿ? ಪ್ರಿಕ್ ಟೆಸ್ಟ್ ಮಾಡಬೇಕೋ, ಪ್ಯಾಚ್ ಟೆಸ್ಟೋ?

2. ಟಿಎಚ್-2 ಕೋಶಗಳು ಐಎಲ್-5 ಕಳಿಸಿದವು, ಆದರೆ ಮಜ್ಜೆಯ ಕೋಶಗಳಲ್ಲಿ ಅದರ ಗ್ರಾಹಕವೇ ಇಲ್ಲ ಅಂದುಕೊಳ್ಳಿ. ಏನಾಗುತ್ತದೆ?

3. ಲ್ಯಾಂಡ್‌ಸ್ಟೈನರ್ ಮತ್ತು ಚೇಸ್ ಬರೀ ಕೋಶಗಳನ್ನು ವರ್ಗಾಯಿಸಿ ನೋಡಿ, ಸೀರಮ್ ವರ್ಗಾಯಿಸದೇ ಇದ್ದಿದ್ದರೆ ಅವರ ತೀರ್ಮಾನದಲ್ಲಿ ಯಾವ ಕೊರತೆ ಉಳಿಯುತ್ತಿತ್ತು?

4. ಮನೆಯಿಂದ ಶಾಲೆಗೆ ಬರುವ ದಾರಿಯ ನಕ್ಷೆ ಬರೆದು, ಕಾಂಗ್ರೆಸ್ ಗಿಡ ಇರುವ ಜಾಗಗಳನ್ನು ಗುರುತಿಸಿ. ಜೂನ್, ಸೆಪ್ಟೆಂಬರ್, ಜನವರಿಯಲ್ಲಿ ಒಂದೊಂದು ನಕ್ಷೆ ಮಾಡಿ, ಪಕ್ಕಪಕ್ಕ ಇಟ್ಟು ತರಗತಿಯಲ್ಲಿ ಚರ್ಚಿಸಿ. ಗಿಡ ಮುಟ್ಟಬೇಡಿ.